ಮೇ ತಿಂಗಳ ಮದುವೆಗೆ ಅಕ್ಟೋಬರ್‌ನಲ್ಲೇ ಲೇಸರ್

ಷಿಕಾಗೋದ ಒಹೇರ್ ವಿಮಾನ ನಿಲ್ದಾಣಕ್ಕೆ ಅಂಟಿಕೊಂಡ ಊರು ಡೆಸ್ ಪ್ಲೇನ್ಸ್. ಚಳಿ ಶುರುವಾದರೆ ಇಲ್ಲಿ ಸ್ವೆಟರ್ ಮೇಲೆ ಜಾಕೆಟ್ಟು. ಕೈಕಾಲು ಯಾರ ಕಣ್ಣಿಗೂ ಬೀಳುವುದಿಲ್ಲ. ಮೇ ತಿಂಗಳಲ್ಲಿ ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಮದುವೆ ಇಟ್ಟುಕೊಂಡ ಹುಡುಗಿ ಮೈಕೂದಲು ತೆಗೆಸಲು ಲೇಸರ್ ಕ್ಲಿನಿಕ್‌ಗೆ ಹೋಗಬೇಕಾದ ಕಾಲ ಇದೇ. ಮುಹೂರ್ತಕ್ಕೆ ಹದಿನೈದು ದಿನ ಇರುವಾಗ ಓಡಿದರೆ ದುಡ್ಡು ಹೋಗುತ್ತದೆ, ಕೂದಲು ಉಳಿಯುತ್ತದೆ.

ಲೇಸರ್ ಹುಡುಕುವುದು ಮೆಲನಿನ್ ಎಂಬ ಕಪ್ಪು ಬಣ್ಣವನ್ನು. ಬೆಳಕು ಕೂದಲಿನ ಬಣ್ಣಕ್ಕೆ ತಾಗಿ ಶಾಖವಾಗಿ, ಆ ಶಾಖ ಬುಡವನ್ನು ಸುಡುತ್ತದೆ. ಸುತ್ತಲಿನ ಚರ್ಮಕ್ಕೆ ಪೆಟ್ಟಾಗದಂತೆ ಬೇಕಾದ್ದನ್ನಷ್ಟೇ ಸುಡಬಹುದೆಂಬ ಸೂತ್ರವನ್ನು 1983ರಲ್ಲಿ ಮುಂದಿಟ್ಟವರು ಅಮೆರಿಕದ ವೈದ್ಯರಾದ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್. ನೆರೆತ ಕೂದಲಿನಲ್ಲಿ ಬಣ್ಣವೇ ಇಲ್ಲದ ಕಾರಣ ಲೇಸರ್ ಅದಕ್ಕೆ ನಾಟದು. ಅಂಥವರಿಗೆ ಸೂಜಿಯ ಮೂಲಕ ವಿದ್ಯುತ್ ಹಾಯಿಸುವ ಎಲೆಕ್ಟ್ರಾಲಿಸಿಸ್ ಇದೆ.

ನಮ್ಮ ಬಣ್ಣಕ್ಕೆ ಯಾವ ಯಂತ್ರ?

ಅದೇ ಮೆಲನಿನ್ ನಮ್ಮ ಗೋಧಿಬಣ್ಣದ, ಎಣ್ಣೆಗೆಂಪು ಮೈಯಲ್ಲೂ ಇದೆ. ಬೆಳಕು ಬುಡಕ್ಕೆ ಇಳಿಯುವ ಮೊದಲೇ ಚರ್ಮ ಅದನ್ನು ಹೀರಿದರೆ ಬೊಬ್ಬೆ, ಕಪ್ಪು ಕಲೆ. 755 ನ್ಯಾನೋಮೀಟರ್ ಅಲೆಯುದ್ದದ ಅಲೆಕ್ಸಾಂಡ್ರೈಟ್ ಲೇಸರ್ ಬಿಳಿಚರ್ಮಕ್ಕೆ ಹೊಂದುತ್ತದೆ. 1064 ನ್ಯಾನೋಮೀಟರ್‌ನ ಎನ್‌ಡಿ-ಯಾಗ್ ಆಳಕ್ಕಿಳಿಯುತ್ತದೆ, ಮೇಲಿನ ಚರ್ಮದ ಬಣ್ಣಕ್ಕೆ ಅಷ್ಟಾಗಿ ಸಿಕ್ಕಿಕೊಳ್ಳುವುದಿಲ್ಲ. ಕಂದು ಮೈಗೆ ಅದೇ ಹೆಚ್ಚು ಕ್ಷೇಮ. ಡಯೋಡ್ ಇವೆರಡರ ನಡುವಿನದು. ಹಾಗಾಗಿ ರಿಯಾಯಿತಿ ಎಷ್ಟು ಎಂದು ಕೇಳುವ ಮೊದಲು ಯಂತ್ರ ಯಾವುದು, ನಮ್ಮಂಥ ಮೈಬಣ್ಣದವರಿಗೆ ಮಾಡಿ ಅಭ್ಯಾಸವಿದೆಯೇ, ಹೊಣೆ ಹೊರುವ ವೈದ್ಯರು ಯಾರು ಎಂದು ಕೇಳಿ. ವೈದ್ಯರ ಲೈಸೆನ್ಸನ್ನು ಇಲಿನಾಯ್ ರಾಜ್ಯದ ವೃತ್ತಿ ನಿಯಂತ್ರಣ ಇಲಾಖೆಯಲ್ಲಿ ಯಾರು ಬೇಕಾದರೂ ನೋಡಬಹುದು. ಮೊದಲು ಚಿಕ್ಕ ಜಾಗದಲ್ಲಿ ಪರೀಕ್ಷೆ ಮಾಡಿಸಿಕೊಳ್ಳಿ.

ಆರು ಸಲ ಏಕೆ?

ಮೈಮೇಲಿನ ಕೂದಲೆಲ್ಲ ಒಟ್ಟಿಗೆ ಬೆಳೆಯುವುದಿಲ್ಲ. ಕೆಲವು ಬೆಳೆಯುತ್ತಿದ್ದರೆ ಕೆಲವು ಮಲಗಿರುತ್ತವೆ. ಲೇಸರ್‌ಗೆ ಸಿಗುವುದು ಬೆಳೆಯುತ್ತಿರುವವು ಮಾತ್ರ, ಅದಕ್ಕೇ ಹಲವು ಸಲ ಹೋಗಬೇಕು. ಅಕ್ಟೋಬರ್ ಮೊದಲಲ್ಲಿ ಶುರುಮಾಡಿ ಆರು ವಾರಕ್ಕೊಮ್ಮೆ ಹೋದರೆ ಏಪ್ರಿಲ್ ಕೊನೆಗೆ ಆರು ಸಲ ಮುಗಿಯುತ್ತದೆ. ಅಷ್ಟಾದರೂ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪುವ ಮಾತು ಕೂದಲು ಶಾಶ್ವತವಾಗಿ ಕಡಿಮೆಯಾಗುತ್ತದೆ ಎಂದಷ್ಟೇ. ಒಂದೂ ಉಳಿಯದು ಎಂದು ಯಾರಾದರೂ ಮಾತು ಕೊಟ್ಟರೆ ನಂಬಬೇಡಿ.

ಹೋಗುವ ಮುನ್ನ

ನಾಲ್ಕು ವಾರ ಮೊದಲಿನಿಂದ ವ್ಯಾಕ್ಸಿಂಗ್, ಥ್ರೆಡ್ಡಿಂಗ್ ನಿಲ್ಲಿಸಿ. ಷಿಕಾಗೋದ ಭಾರತೀಯ ಅಂಗಡಿಬೀದಿಯಾದ ಡೆವಾನ್ ಅವೆನ್ಯೂಗೆ ತರಕಾರಿಗೆ ಹೋದವರು ಹಾಗೇ ಮೇಲ್ದುಟಿಗೆ ದಾರ ಆಡಿಸಿಕೊಂಡು ಬಂದರೆ ಬುಡವೇ ಕಿತ್ತುಹೋಗಿ ಲೇಸರ್‌ಗೆ ಗುರಿ ಸಿಗುವುದಿಲ್ಲ. ಹಿಂದಿನ ದಿನ ಶೇವ್ ಮಾಡಬಹುದು. ಶೇವ್ ಮಾಡಿದರೆ ಕೂದಲು ದಪ್ಪ ಬರುತ್ತದೆ ಎಂದು ಅಮ್ಮ ಊರಿನಿಂದ ಫೋನಿನಲ್ಲಿ ಗದರಿದರೂ ಅದು ನಿಜವಲ್ಲ. ಅರಿಶಿನ, ಕ್ರೀಮು, ಪೌಡರು ಇಲ್ಲದ ಶುಭ್ರ ಮೈಯಲ್ಲಿ ಹೋಗಿ. ಬಿಸಿಲಿಗೆ ಮೈ ಕಪ್ಪಾಗಿದ್ದರೆ ಅದು ಇಳಿಯುವವರೆಗೆ ಕಾಯಿರಿ. ಮೊಡವೆಗೆ ಐಸೋಟ್ರೆಟಿನಾಯಿನ್ ಅಥವಾ ಡಾಕ್ಸಿಸೈಕ್ಲಿನ್ ನುಂಗುತ್ತಿದ್ದರೆ, ಗರ್ಭಿಣಿಯಾಗಿದ್ದರೆ ಮುಚ್ಚಿಡಬೇಡಿ. ಗದ್ದದ ಮೇಲೆ ಗಡುಸು ಕೂದಲು ಬಂದು ಮುಟ್ಟೂ ಏರುಪೇರಾಗಿದ್ದರೆ ಅದು ಪಿಸಿಓಎಸ್ ಎಂಬ ಹಾರ್ಮೋನ್ ತೊಂದರೆ ಇರಬಹುದು. ಮೊದಲು ಡಾಕ್ಟರನ್ನು ಕಾಣಿ.

ಲೇಸರ್ ಹಾಯಿಸುವಾಗ ಕಣ್ಣಿಗೆ ಕನ್ನಡಕ ಬೇಕೇ ಬೇಕು. ಹುಬ್ಬಿನ ಕೆಳಗೆ, ಹಚ್ಚೆಯ ಮೇಲೆ ಹಾಯಿಸಬಾರದು. ನೋವು ತಿಳಿಯದಿರಲೆಂದು ಮನೆಯಲ್ಲೇ ಮರಗಟ್ಟಿಸುವ ಕ್ರೀಮನ್ನು ಕಾಲಿಗೆಲ್ಲ ಬಳಿದು ಪ್ಲಾಸ್ಟಿಕ್ ಸುತ್ತಿಕೊಂಡು ಹೋಗಬೇಡಿ. ಹಾಗೆ ಮಾಡಿದ ಇಬ್ಬರು ಯುವತಿಯರು ಅಮೆರಿಕದಲ್ಲಿ ಪ್ರಾಣ ಕಳೆದುಕೊಂಡಿದ್ದಾರೆ; 2007ರಲ್ಲಿ ಎಫ್‌ಡಿಎ ಇದಕ್ಕಾಗಿಯೇ ಎಚ್ಚರಿಕೆ ಹೊರಡಿಸಿತು.

ಮುಗಿದ ಮೇಲೆ ಒಂದೆರಡು ದಿನ ಕೆಂಪು, ಸಣ್ಣ ಊತ ಸಹಜ. ಬೊಬ್ಬೆ ಎದ್ದರೆ ಅಡುಗೆಮನೆಯ ಮದ್ದಿಗೆ ಕೈಹಾಕದೆ ಅವತ್ತೇ ಡಾಕ್ಟರಿಗೆ ತೋರಿಸಿ.