ಯಂತ್ರದ ಪಾದಕ್ಕೆ ರಬ್ಬರೋ, ಸ್ಪ್ರಿಂಗೋ? ಕಂಪನ ತಡೆಯುವ ಪಾದಗಳ ಆಯ್ಕೆ

ಕಡೂರಿನ ತೆಂಗು ಮತ್ತು ರಾಗಿ, ತರೀಕೆರೆಯ ಅಡಿಕೆ, ಅಜ್ಜಂಪುರದ ಈರುಳ್ಳಿ ಈ ಭಾಗದ ವ್ಯಾಪಾರಕ್ಕೆ ಆಧಾರವಾದ ಬೆಳೆಗಳು. ಇವುಗಳೊಂದಿಗೆ ಹಿಟ್ಟಿನ ಗಿರಣಿ, ಕೊಬ್ಬರಿ ಎಣ್ಣೆ ಗಾಣ, ಅಡಿಕೆ ಸುಲಿಯುವ ಯಂತ್ರಗಳಂತಹ ಸಣ್ಣ ಘಟಕಗಳೂ ಬೆಳೆದಿವೆ. ಪೇಟೆ ಬೀದಿಯ ಮಳಿಗೆಯಲ್ಲಿ ಯಂತ್ರ ಸ್ಥಾಪಿಸಿದಾಗ ಅದರ ಅದುರುವಿಕೆ ನೆಲದ ಮೂಲಕ ಪಕ್ಕದ ಮನೆಯನ್ನೂ ತಲುಪುತ್ತದೆ. ಬೇರಿಂಗ್ ಬೇಗ ಸವೆಯುವುದು, ಬೋಲ್ಟ್ ಸಡಿಲವಾಗುವುದು, ನೆರೆಯವರ ದೂರು ಇವೆಲ್ಲ ಅದರ ಫಲಗಳು. ಪರಿಹಾರವೆಂದು ಯಂತ್ರದ ಕಾಲಿಗೆ ಕೈಗೆ ಸಿಕ್ಕಿದ ರಬ್ಬರ್ ತುಂಡನ್ನು ಇಡುವುದು ವಾಡಿಕೆ. ಆದರೆ ತಪ್ಪಾಗಿ ಆರಿಸಿದ ಪಾದವು ಕಂಪನವನ್ನು ತಗ್ಗಿಸುವ ಬದಲು ಹೆಚ್ಚಿಸಬಲ್ಲದು. ಆದುದರಿಂದ ಹಣ ತೆರುವ ಮುನ್ನ ಇದರ ಹಿಂದಿನ ಸರಳ ನಿಯಮವನ್ನು ತಿಳಿಯುವುದು ಲಾಭದಾಯಕ.

ಕುಗ್ಗುವಿಕೆಯೇ ಅಳತೆಗೋಲು

ತೊಟ್ಟಿಲಿಗೆ ತನ್ನದೇ ಆದ ಒಂದು ಲಯವಿರುತ್ತದೆ. ಆ ಲಯಕ್ಕೆ ಸರಿಯಾಗಿ ತಳ್ಳಿದರೆ ಅಲ್ಪ ಬಲಕ್ಕೂ ಅದು ಜೋರಾಗಿ ತೂಗುತ್ತದೆ. ಮೆತ್ತನೆಯ ಪಾದದ ಮೇಲೆ ನಿಂತ ಯಂತ್ರಕ್ಕೂ ಅಂತಹ ಸ್ವಾಭಾವಿಕ ಲಯವೊಂದಿದೆ. ಯಂತ್ರದ ಭಾರಕ್ಕೆ ಪಾದವು ಎಷ್ಟು ಮಿಲಿಮೀಟರ್ ಕುಗ್ಗುತ್ತದೆ ಎಂಬುದರಿಂದ ಅದನ್ನು ಲೆಕ್ಕ ಹಾಕಬಹುದು. 950 ಎಂಬ ಸಂಖ್ಯೆಯನ್ನು ಕುಗ್ಗಿದ ಮಿಲಿಮೀಟರ್‌ನ ವರ್ಗಮೂಲದಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಕಂಪನಗಳೆಂಬ ಅಂದಾಜು ದೊರೆಯುತ್ತದೆ. 1 ಮಿ.ಮೀ. ಕುಗ್ಗಿದರೆ 950, 4 ಮಿ.ಮೀ. ಕುಗ್ಗಿದರೆ 475. ರಬ್ಬರಿನಲ್ಲಿ ವಾಸ್ತವ ಸಂಖ್ಯೆ ಇದಕ್ಕಿಂತ ತುಸು ಹೆಚ್ಚಿರುತ್ತದೆ.

ಯಂತ್ರದ ವೇಗವು ಈ ಸಂಖ್ಯೆಯ 1.4 ಪಟ್ಟನ್ನು ಮೀರಿದಾಗ ಮಾತ್ರ ಪಾದದಿಂದ ಪ್ರಯೋಜನ ಆರಂಭವಾಗುತ್ತದೆ. ಎರಡೂವರೆಯಿಂದ ಮೂರು ಪಟ್ಟು ಇದ್ದರೆ ಉತ್ತಮ. 1,440 ಸುತ್ತಿನ ಮೋಟಾರು 4 ಮಿ.ಮೀ. ಕುಗ್ಗುವ ಪಾದದ ಮೇಲಿದ್ದರೆ ಅದರ ಕಂಪನದ ಸುಮಾರು ಎಂಟನೆಯ ಒಂದು ಭಾಗ ಮಾತ್ರ ನೆಲಕ್ಕಿಳಿಯುತ್ತದೆ. 1 ಮಿ.ಮೀ. ಮಾತ್ರ ಕುಗ್ಗುವ ಗಡಸು ಪಾದವಾದರೆ ಮುಕ್ಕಾಲು ಭಾಗ ಇಳಿಯುತ್ತದೆ.

ನಿಧಾನ ಯಂತ್ರದ ಸಮಸ್ಯೆ

ಗಿರಣಿಯ ಕಲ್ಲು ನಿಮಿಷಕ್ಕೆ 600 ಸುತ್ತು ತಿರುಗುತ್ತದೆ ಎಂದು ಭಾವಿಸೋಣ. ಮೋಟಾರಿಗೆ ಒಪ್ಪಿದ ಅದೇ 4 ಮಿ.ಮೀ. ಪಾದ ಇಲ್ಲಿ ಅಪಾಯಕಾರಿ. ಕಲ್ಲಿನ ವೇಗ ಪಾದದ ಲಯಕ್ಕೆ ಸಮೀಪವಿರುವುದರಿಂದ ನೆಲಕ್ಕೆ ಹೋಗುವ ಕಂಪನ ಒಂದೂವರೆ ಪಟ್ಟಿಗಿಂತಲೂ ಹೆಚ್ಚಾಗುತ್ತದೆ. 12 ಮಿ.ಮೀ. ಕುಗ್ಗುವ ಉಕ್ಕಿನ ಸ್ಪ್ರಿಂಗ್ ಪಾದವಾದರೆ ಅದು ಕಾಲು ಭಾಗಕ್ಕೆ ತಗ್ಗುತ್ತದೆ. ಅಷ್ಟು ವೆಚ್ಚ ಬೇಡವೆಂದರೆ ಭಾರವಾದ ಕಾಂಕ್ರೀಟ್ ಪಾಯ ಹಾಕಿ ಬೋಲ್ಟ್ ಬಿಗಿಯುವುದೇ ಲೇಸು. ವೇಗದ ಯಂತ್ರಕ್ಕೆ ರಬ್ಬರ್, ನಿಧಾನದ ಯಂತ್ರಕ್ಕೆ ಸ್ಪ್ರಿಂಗ್ ಅಥವಾ ಪಾಯ ಎಂಬುದು ಸಾಮಾನ್ಯ ಸೂತ್ರ.

ಟರ್ನ್‌ಟೇಬಲ್ ಕಲಿಸುವ ಪಾಠ

ಗ್ರಾಮಫೋನ್ ತಟ್ಟೆ ನುಡಿಸುವ ಟರ್ನ್‌ಟೇಬಲ್‌ಗೂ ಇದೇ ನಿಯಮ ಅನ್ವಯಿಸುತ್ತದೆ. ದಿಕ್ಕು ಮಾತ್ರ ವಿರುದ್ಧ. ಗಿರಣಿಯಲ್ಲಿ ನೆಲವನ್ನು ಯಂತ್ರದಿಂದ ಕಾಪಾಡಬೇಕು; ಇಲ್ಲಿ ಮುಳ್ಳನ್ನು ನೆಲದಿಂದ ಕಾಪಾಡಬೇಕು. ಮುಳ್ಳು ಹೊತ್ತ ತೋಳಿನ ಸ್ವಾಭಾವಿಕ ಕಂಪನ ಸಾಮಾನ್ಯವಾಗಿ ಸೆಕೆಂಡಿಗೆ 8ರಿಂದ 12. ಪಾದವು 4 ಮಿ.ಮೀ. ಕುಗ್ಗಿದರೆ ಅದರ ಲಯವೂ ಸೆಕೆಂಡಿಗೆ ಸುಮಾರು 8 ಆಗಿ ಎರಡೂ ಒಂದನ್ನೊಂದು ಕೆರಳಿಸುತ್ತವೆ. 10 ಮಿ.ಮೀ. ಕುಗ್ಗಿದರೆ ಲಯ 5ಕ್ಕೆ ಇಳಿದು ತೋಳಿನಿಂದ ದೂರ ಸರಿಯುತ್ತದೆ. 6 ಕಿಲೋ ತೂಕದ ಟರ್ನ್‌ಟೇಬಲ್‌ನ ನಾಲ್ಕು ಪಾದಗಳಿಗೆ ತಲಾ ಒಂದೂವರೆ ಕಿಲೋ ಭಾರ ಮಾತ್ರ ಬೀಳುತ್ತದೆ. ಅದರ ಕೆಳಗೆ 20 ಕಿಲೋ ಹೊರುವ ಪಾದವಿಟ್ಟರೆ ಅದು ಕುಗ್ಗುವುದೇ ಇಲ್ಲ. ಕುಗ್ಗದ ಪಾದ ಕಲ್ಲಿಗೆ ಸಮಾನ. ಹೆಜ್ಜೆ ಇಟ್ಟರೆ ಅಲುಗುವ ಮರದ ಅಟ್ಟದ ಮೇಲಾದರೆ ಪಾದಕ್ಕಿಂತ ಗೋಡೆಗೆ ಬಿಗಿದ ಹಲಗೆಯೇ ಮೇಲು.

ಭಾರ ಹೆಚ್ಚು ಹೊರುವ ಪಾದವೇ ಒಳ್ಳೆಯದೆಂಬ ನಂಬಿಕೆ ಗಿರಣಿಯ ವಿಷಯದಲ್ಲಿಯೂ ಅಷ್ಟೇ ತಪ್ಪು. 240 ಕಿಲೋ ಯಂತ್ರದ ನಾಲ್ಕು ಪಾದಗಳಿಗೆ ಸರಾಸರಿ 60 ಕಿಲೋ ಬಿದ್ದರೂ ಮೋಟಾರಿನ ಬದಿಗೆ 80, ಎದುರು ಬದಿಗೆ 40 ಇರಬಹುದು. ನಾಲ್ಕೂ ಸಮನಾಗಿ ಕುಗ್ಗುವಂತೆ ಎರಡು ಬಗೆಯ ಪಾದಗಳನ್ನು ಕೊಳ್ಳಬೇಕಾಗುತ್ತದೆ.

ಉದ್ಯಮಿಗಳು ಗಮನಿಸಬೇಕಾದ ಅಂಶಗಳು

ಬೆಲ್ಟ್‌ನಿಂದ ನಡೆಯುವ ಯಂತ್ರ ಮತ್ತು ಅದರ ಮೋಟಾರು ಒಂದೇ ಚೌಕಟ್ಟಿನ ಮೇಲಿರಬೇಕು. ಪಾದಗಳು ಆ ಚೌಕಟ್ಟಿನ ಕೆಳಗಿರಬೇಕು. ಯಂತ್ರಕ್ಕೆ ಮಾತ್ರ ಪಾದ ಕೊಟ್ಟರೆ ಬೆಲ್ಟ್ ಬಿಗಿ ಸಡಿಲವಾಗಿ ಬೇಗ ಹಾಳಾಗುತ್ತದೆ.

ಎಣ್ಣೆ ಗಾಣದಲ್ಲಿ ಸಾಧಾರಣ ರಬ್ಬರ್ ಎಣ್ಣೆ ಹೀರಿ ಉಬ್ಬುತ್ತದೆ. ಅಲ್ಲಿ ನೈಟ್ರೈಲ್ ರಬ್ಬರ್ ಬಳಸುವುದು ಸೂಕ್ತ.

ರಬ್ಬರ್ ಪ್ಯಾಡ್ ಇಟ್ಟು ಅದರ ಮೂಲಕವೇ ಬೋಲ್ಟ್ ಬಿಗಿದರೆ ಕಂಪನ ಬೋಲ್ಟ್‌ನ ದಾರಿಯಲ್ಲಿ ಇಳಿಯುತ್ತದೆ; ಪ್ಯಾಡಿಗೆ ತೆತ್ತ ಹಣ ವ್ಯರ್ಥ.

ಅಜ್ಜಂಪುರ ಭಾಗದ ಎರೆಮಣ್ಣು ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವುದರಿಂದ ನೆಲದ ಮಟ್ಟ ಬದಲಾಗಬಹುದು. ಎತ್ತರ ಹೊಂದಿಸುವ ತಿರುಪುಳ್ಳ ಪಾದಗಳನ್ನು ಆರಿಸಿ, ಮಳೆಗಾಲದ ನಂತರ ರಸಮಟ್ಟ ಇಟ್ಟು ಪರೀಕ್ಷಿಸುವುದು ಒಳಿತು. ಕೊಯ್ಲಿನ ಕಾಲದಲ್ಲಿ ಸ್ಥಳ ಬದಲಿಸುವ ಅಡಿಕೆ ಯಂತ್ರಗಳಿಗೂ ಇದು ಅನ್ವಯ.

ಎಲೆಕ್ಟ್ರಾನಿಕ್ ತಕ್ಕಡಿಯ ಕೆಳಗೆ ಮೆತ್ತನೆಯ ಪಾದ ಸಲ್ಲದು. ಅದಕ್ಕೆ ಗಟ್ಟಿಯಾದ, ಮಟ್ಟಸವಾದ ನೆಲ ಬೇಕು. ತೂಕದ ಅಂಕಿ ಓಲಾಡಿದರೆ ತಕ್ಕಡಿಯನ್ನು ಯಂತ್ರದಿಂದ ದೂರವಿಡಬೇಕು.

ಪಾದ ಕೊಳ್ಳಲು ಹೋಗುವಾಗ ಯಂತ್ರದ ತೂಕ, ಪ್ರತಿ ಮೂಲೆಗೆ ಬೀಳುವ ಭಾರ ಮತ್ತು ಅತಿ ನಿಧಾನವಾಗಿ ತಿರುಗುವ ಭಾಗದ ವೇಗವನ್ನು ಬರೆದುಕೊಂಡು ಹೋಗಬೇಕು. ಆ ಭಾರಕ್ಕೆ ಪಾದ ಎಷ್ಟು ಮಿಲಿಮೀಟರ್ ಕುಗ್ಗುತ್ತದೆ ಎಂದು ಮಾರಾಟಗಾರರನ್ನು ಕೇಳಬೇಕು. ಈ ಪ್ರಶ್ನೆಗೆ ಉತ್ತರವಿಲ್ಲದ ಪಾದವನ್ನು, ಅದರ ಬೆಲೆ ಎಷ್ಟೇ ಕಡಿಮೆಯಿದ್ದರೂ, ಕೊಳ್ಳದಿರುವುದೇ ಮಿತವ್ಯಯ.