ಮಲಾವಿಯ ಶಾಲೆಗಳಲ್ಲಿ ಗಂಜಿ ಮತ್ತು ನೀರು

ಆಗ್ನೇಯ ಆಫ್ರಿಕಾದ ಮಲಾವಿಯಲ್ಲಿ ಮಳೆಗಾಲ ಒಂದೇ: ನವೆಂಬರಿನಿಂದ ಏಪ್ರಿಲ್‌ವರೆಗೆ. ಹಳ್ಳಿಗಳ ಬದುಕು ನಿಂತಿರುವುದು ಮೆಕ್ಕೆಜೋಳದ ಮೇಲೆ. ಕಣಜ ಬರಿದಾಗಿ ಹೊಸ ಬೆಳೆ ಇನ್ನೂ ಕೈಸೇರದ ಜನವರಿಯಿಂದ ಮಾರ್ಚ್‌ವರೆಗಿನ ದಿನಗಳು ಅಲ್ಲಿ ಹಸಿವಿನ ಕಾಲ. 1994ರಲ್ಲಿ ಸರ್ಕಾರ ಪ್ರಾಥಮಿಕ ಶಾಲೆಯ ಶುಲ್ಕ ರದ್ದುಮಾಡಿದಾಗ ಮಕ್ಕಳು ದಂಡುದಂಡಾಗಿ ಬಂದರು. ಆದರೆ ಶುಲ್ಕ ಹೋದ ಮಾತ್ರಕ್ಕೆ ಹಸಿವು ಹೋಗಲಿಲ್ಲ.

2002ರ ಕ್ಷಾಮದ ವೇಳೆ ಸ್ಕಾಟ್ಲೆಂಡಿನ ಮ್ಯಾಗ್ನಸ್ ಮ್ಯಾಕ್‌ಫಾರ್ಲೇನ್-ಬ್ಯಾರೋ ಮಲಾವಿಯ 200 ಮಕ್ಕಳಿಗೆ ಶಾಲೆಯಲ್ಲೇ ಊಟ ಕೊಡಲು ಆರಂಭಿಸಿದರು. ಹೀಗೆ ಹುಟ್ಟಿದ ಮೇರಿಸ್ ಮೀಲ್ಸ್ ಸಂಸ್ಥೆ ಇಂದು ಹಲವು ದೇಶಗಳಲ್ಲಿ 20 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಊಟ ಕೊಡುತ್ತಿದೆ. ಮಲಾವಿಯಲ್ಲಿ ಬಡಿಸುವುದು ‘ಲಿಕುನಿ ಫಾಲ’ ಎಂಬ ಗಂಜಿ. ಮೆಕ್ಕೆಜೋಳ ಮತ್ತು ಸೋಯಾ ಹಿಟ್ಟಿಗೆ ಸಕ್ಕರೆ, ಜೀವಸತ್ವ, ಖನಿಜಾಂಶ ಬೆರೆಸಿರುತ್ತಾರೆ. ಮೆಕ್ಕೆಜೋಳದಲ್ಲಿ ಸಾಲದ ಪ್ರೋಟೀನನ್ನು ಸೋಯಾ ತುಂಬಿಕೊಡುತ್ತದೆ. ಅಡುಗೆ ಊರಿನ ತಾಯಂದಿರದೇ, ಸರದಿಯ ಮೇಲೆ, ಸಂಬಳವಿಲ್ಲದೆ. ನಸುಕಿನಲ್ಲೇ ಒಲೆ ಹೊತ್ತಿಸಿ, ಗಂಟು ಕಟ್ಟದಂತೆ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿ, ಕುದಿಯುವ ಹಂಡೆಗೆ ಸುರಿದು, ಉದ್ದನೆಯ ಮರದ ಹುಟ್ಟಿನಿಂದ ತಿರುವುತ್ತಾರೆ. ಮಕ್ಕಳು ಲೋಟ ಹಿಡಿದು ಸಾಲಾಗಿ ಬರುತ್ತಾರೆ. ಈ ಕೆಲಸ ಇಷ್ಟು ವರ್ಷ ಬಾಳಿರುವುದರಲ್ಲಿ ಹೊರಗಿನ ದೇಣಿಗೆಯಷ್ಟೇ ಪಾಲು ಈ ತಾಯಂದಿರ ದುಡಿಮೆಗೂ ಸಲ್ಲಬೇಕು.

ಹಂಡೆ ತುಂಬಲು ನೀರು ಬೇಕು. ಲೋಟ ತೊಳೆಯಲು, ಕೈ ತೊಳೆಯಲು ಇನ್ನಷ್ಟು. ಬೋರ್‌ವೆಲ್ ಕೈಪಂಪು ದೂರವಿದ್ದರೆ ನೀರನ್ನು ಹೊತ್ತು ತರುವವರು ಹೆಂಗಸರು ಮತ್ತು ಆ ಹೊತ್ತಿಗೆ ತರಗತಿಯಲ್ಲಿ ಇರಬೇಕಾದ ಹೆಣ್ಣುಮಕ್ಕಳು. ಮಲಾವಿಯಲ್ಲಿ ಹೆಚ್ಚಾಗಿ ಕಾಣುವ ಪಂಪು ಆಫ್ರಿದೇವ್. 1980ರ ದಶಕದಲ್ಲಿ ಮಲಾವಿ ಮತ್ತು ಕೀನ್ಯಾದಲ್ಲಿ ರೂಪುಗೊಂಡ ಇದು ಸುಮಾರು 45 ಮೀಟರ್ ಆಳದಿಂದ ನೀರೆತ್ತಬಲ್ಲದು. ಸವೆದ ರಬ್ಬರ್ ಸೀಲನ್ನೂ ಬೇರಿಂಗನ್ನೂ ಊರವರೇ ಒಂದು ಸ್ಪ್ಯಾನರ್ ಹಿಡಿದು ಬದಲಿಸಬಹುದು, ಪಟ್ಟಣದ ಮೆಕ್ಯಾನಿಕ್‌ಗೆ ಕಾಯಬೇಕಿಲ್ಲ. ಹೀಗಿದ್ದೂ ಬಿಡಿಭಾಗ ಸಿಗದೆ, ಕೊಳ್ಳಲು ಊರಿನ ಸಮಿತಿಯಲ್ಲಿ ಹಣವಿಲ್ಲದೆ ಕೆಟ್ಟು ನಿಂತ ಪಂಪುಗಳಿವೆ. ಹೊಸ ಬೋರ್‌ವೆಲ್‌ಗೆ ಸಿಗುವ ದಾನ ಹಳೆಯದರ ದುರಸ್ತಿಗೆ ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಪಂಪು ನಿಂತರೆ ಜನ ಹೊಳೆಯ ನೀರಿಗೋ ತೆರೆದ ಗುಂಡಿಯ ನೀರಿಗೋ ಮರಳುತ್ತಾರೆ. ಕಾಲರಾ ಹರಡುವುದು ಇಂಥ ನೀರಿನಿಂದಲೇ. 2022ರ ಮಾರ್ಚ್‌ನಲ್ಲಿ ಶುರುವಾದ ಕಾಲರಾ ಹಾವಳಿ ಮಲಾವಿಯ ಇತಿಹಾಸದಲ್ಲೇ ದೊಡ್ಡದು. 1,700ಕ್ಕೂ ಹೆಚ್ಚು ಜನ ಸತ್ತರು. 2023ರ ಜನವರಿಯಲ್ಲಿ ಬ್ಲಾಂಟೈರ್, ಲಿಲೊಂಗ್ವೆ ನಗರಗಳಲ್ಲಿ ಶಾಲೆ ತೆರೆಯುವುದನ್ನೇ ಮುಂದೂಡಬೇಕಾಯಿತು. ಪಂಪಿನಲ್ಲಿ ಶುದ್ಧವಾಗಿದ್ದ ನೀರು ಬಕೆಟ್ಟಿನಲ್ಲಿ ಕೆಡುವುದೂ ಉಂಟು. ಆದ್ದರಿಂದ ಶಾಲೆಗಳಿಗೆ ಬೇಕಾದದ್ದು ಪಂಪಿನ ಜೊತೆಗೆ ಮುಚ್ಚಳವಿರುವ, ನಲ್ಲಿ ಕೂರಿಸಿದ ಬಕೆಟ್, ಕ್ಲೋರಿನ್ ಮತ್ತು ಸೋಪು.