ಅಂಗಳದಾಚೆಯ ಕೋಣೆಗೆ ಡಿಶ್ ಕೇಬಲ್: ವಿದ್ಯುತ್ ಪಾಠಕ್ಕೊಂದು ಪಾಠೋಪಕರಣ

ಡಿಶ್ ಇರುವುದು ಮುಖ್ಯ ಕಟ್ಟಡದ ಮಾಳಿಗೆಯ ಮೇಲೆ. ಮಕ್ಕಳನ್ನು ಕೂರಿಸಿ ಟಿವಿ ತೋರಿಸಲು ಜಾಗವಿರುವುದು ಅಂಗಳದಾಚೆಯ ಬಿಡಿ ಕೋಣೆಯಲ್ಲಿ. ಬಳ್ಳಾರಿ ನಗರದಲ್ಲಾಗಲಿ, ಸಿರುಗುಪ್ಪ, ಕುರುಗೋಡು ಕಡೆಯಾಗಲಿ ಅಭ್ಯಾಸ ಬೋಧನೆಗೆ ಹೋಗುವ ಪ್ರಶಿಕ್ಷಣಾರ್ಥಿಗೆ ಇಂಥ ಶಾಲೆ ಎದುರಾಗಬಹುದು. ಡಿಡಿ ಫ್ರೀ ಡಿಶ್‌ನಲ್ಲಿ ಪಿಎಂ ಇ-ವಿದ್ಯಾ ವಾಹಿನಿಗಳು ಉಚಿತವಾಗಿ ಬರುವಾಗ ಒಂದು ವೈರ್ ಎಳೆದರಾಯಿತು ಎನ್ನಿಸುವುದು ಸಹಜ. ಆ ವೈರ್‌ನೊಳಗೆ ಏನು ಹರಿಯುತ್ತದೆಂದು ತಿಳಿಯದೆ ಎಳೆದರೆ ಪಾಠದ ದಿನ ಪರದೆ ಖಾಲಿ ಉಳಿದೀತು. ಸಿಡಿಲಿನ ದಿನ ಅದಕ್ಕಿಂತ ದೊಡ್ಡದೇ ಆದೀತು.

ಉಪಗ್ರಹ ಪಾಠ ನಮ್ಮ ಭಾಗಕ್ಕೆ ಹೊಸದಲ್ಲ. ಸಿರುಗುಪ್ಪದಿಂದ ತುಂಗಭದ್ರೆ ದಾಟಿದರೆ ಸಿಗುವ ರಾಯಚೂರು ಜಿಲ್ಲೆ, ಗುಲ್ಬರ್ಗಾ ಮತ್ತು ಬಿಜಾಪುರಗಳ ಜೊತೆಗೆ, 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ನಡೆದ 'ಸೈಟ್' ಪ್ರಯೋಗದಲ್ಲಿತ್ತು. ಆಗ ಬಳಸಿದ್ದು ಸುಮಾರು 3 ಮೀಟರ್ ಅಗಲದ ತಂತಿಜಾಲರಿಯ ಆಂಟೆನಾ. ಇಂದಿನ ಡಿಶ್ ಎರಡು ಅಡಿಯದು.

ಕೇಬಲ್ ಎಂದರೆ ಚಿತ್ರ ಇಳಿದು ಬರುವ ಕೊಳವೆ ಎಂದು ಮಕ್ಕಳು ತಿಳಿದಿರುತ್ತಾರೆ. ಹಲವು ಪ್ರಶಿಕ್ಷಣಾರ್ಥಿಗಳೂ ಹಾಗೆಯೇ. ವಾಸ್ತವವಾಗಿ ಸಂಕೇತ ಕೆಳಗಿಳಿಯುವ ಅದೇ ತಂತಿಯಲ್ಲಿ ವಿದ್ಯುತ್ ಮೇಲಕ್ಕೆ ಹೋಗುತ್ತದೆ. ಡಿಶ್‌ನ ಮುಂದಿರುವ ಎಲ್‌ಎನ್‌ಬಿಗೆ ಸೆಟ್-ಟಾಪ್ ಬಾಕ್ಸ್ 13 ಅಥವಾ 18 ವೋಲ್ಟ್ ನೇರ ವಿದ್ಯುತ್ ಕಳಿಸುತ್ತದೆ. 13 ಎಂದರೆ ಲಂಬ ಧ್ರುವೀಕರಣದ ತರಂಗ ಹಿಡಿ ಎಂದು, 18 ಎಂದರೆ ಅಡ್ಡ ಧ್ರುವೀಕರಣದ್ದು ಎಂದು ಆಜ್ಞೆ. ಅದಕ್ಕೇ ಸಾಮಾನ್ಯ ಸ್ಪ್ಲಿಟರ್ ಹಾಕಿ ಎರಡು ಬಾಕ್ಸ್ ನಡೆಸಲು ಹೋದರೆ ಎಡವಟ್ಟಾಗುತ್ತದೆ: ಒಂದು 18 ಕೇಳಿದಾಗ ಇನ್ನೊಂದರ 13 ಲೆಕ್ಕಕ್ಕೆ ಬರುವುದಿಲ್ಲ. ಎರಡೂ ಕಡೆ ಟಿವಿ ಬೇಕೆಂದರೆ ಎರಡು ಔಟ್‌ಪುಟ್‌ನ ಎಲ್‌ಎನ್‌ಬಿ ಹಾಕಿ ಎರಡು ಕೇಬಲ್ ಎಳೆಯಬೇಕು.

ದೂರದ ಪ್ರಶ್ನೆ ಓಮ್‌ನ ನಿಯಮಕ್ಕೆ ತಾನಾಗಿಯೇ ಬಂದು ನಿಲ್ಲುತ್ತದೆ. ಕೇಬಲ್‌ನ ಒಟ್ಟು ರೋಧ 5 ಓಮ್, ಪ್ರವಾಹ 0.2 ಆಂಪಿಯರ್ ಎಂದಿಟ್ಟುಕೊಂಡರೆ ನಷ್ಟ 1 ವೋಲ್ಟ್. ಇದು ತಡೆಯುತ್ತದೆ. ತುಕ್ಕು ಹಿಡಿದ ಜೋಡಣೆಗಳು ಸೇರಿ 18 ವೋಲ್ಟ್ 14ಕ್ಕೆ ಇಳಿದರೆ ಎಲ್‌ಎನ್‌ಬಿ ಅದನ್ನು 13ರ ಆಜ್ಞೆ ಎಂದೇ ತಿಳಿಯಬಹುದು. ಸಂಕೇತವೂ ಸವೆಯುತ್ತದೆ. ಆರ್‌ಜಿ-6 ಕೇಬಲ್‌ನಲ್ಲಿ 30 ಮೀಟರ್‌ಗೆ ಸುಮಾರು 6ರಿಂದ 9 ಡೆಸಿಬೆಲ್, ಅಂದರೆ ನಾಲ್ಕನೆಯ ಅಥವಾ ಎಂಟನೆಯ ಒಂದು ಭಾಗ ಉಳಿಯುತ್ತದೆ. ಇದೂ ಸಾಕು. 100 ಮೀಟರ್‌ಗಾದರೆ ನೂರರಲ್ಲೊಂದರಿಂದ ಸಾವಿರದಲ್ಲೊಂದು ಭಾಗ.

ಅಷ್ಟು ದೂರವಿದ್ದರೆ ಕೇಬಲ್ ಎಳೆಯುವುದಕ್ಕಿಂತ ಆ ಕೋಣೆಗೇ ಬೇರೊಂದು ಡಿಶ್ ಕೂರಿಸುವುದು ಲೇಸು. ಫ್ರೀ ಡಿಶ್ ಬರುವ ಜಿಸ್ಯಾಟ್-15 ಇರುವುದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಬಳ್ಳಾರಿಯಿಂದ ನೋಡಿದರೆ ಆಗ್ನೇಯಕ್ಕೆ, ಸುಮಾರು 64 ಡಿಗ್ರಿ ಉನ್ನತ ಕೋನದಲ್ಲಿ. (ಡಿಶ್ ಅಷ್ಟು ಮೇಲಕ್ಕೆ ಮುಖ ಮಾಡಿದಂತೆ ಕಾಣುವುದಿಲ್ಲ; ಅದರ ವಿನ್ಯಾಸವೇ ಹಾಗೆ. ಮಕ್ಕಳು ಇದನ್ನು ಕೇಳಿಯೇ ಕೇಳುತ್ತಾರೆ.) ಡಿಶ್‌ಗಿಂತ 20 ಅಡಿ ಎತ್ತರದ ಬೇವಿನ ಮರದ ಕೊಂಬೆ ಆ ದಿಕ್ಕಿನಲ್ಲಿ 10 ಅಡಿಗಿಂತ ಆಚೆ ಇದ್ದರೆ ಅಡ್ಡಿಯಿಲ್ಲ. tan 64 ಸುಮಾರು 2. ತ್ರಿಕೋನಮಿತಿಗೂ ಇಲ್ಲೊಂದು ಲೆಕ್ಕ ಸಿಕ್ಕಿತು.

ಸಿರುಗುಪ್ಪದ ಎರೆ ಭೂಮಿ ಬೇಸಿಗೆಯಲ್ಲಿ ಬಿರಿದು ಮಳೆಯಲ್ಲಿ ಉಬ್ಬುತ್ತದೆ. ಅಲ್ಲಿ ಕೇಬಲ್ ಹೂಳುವುದಾದರೆ ಪೈಪಿನೊಳಗೆ ಸಡಿಲವಾಗಿ ಬಿಡಬೇಕು, ಮಣ್ಣಿನಡಿ ಜೋಡಣೆ ಇರಕೂಡದು. ಕುರುಗೋಡಿನ ಗುಡ್ಡದ ಬದಿಯ ಕಲ್ಲುನೆಲದಲ್ಲಿ ಅಗೆಯುವ ಬದಲು ಕಾಂಪೌಂಡ್ ಗೋಡೆಗುಂಟ ಒಯ್ಯಬಹುದು. ಎಲ್ಲಿಯೇ ಆಗಲಿ, 230 ವೋಲ್ಟಿನ ವೈರ್ ಇರುವ ಪೈಪಿನಲ್ಲಿ ಇದನ್ನು ತೂರಿಸಬಾರದು. ಮಕ್ಕಳ ಕೈಗೆಟುಕುವಂತೆ ಅಂಗಳದ ಮೇಲೆ ಜೋತು ಬಿಡಲೂಬಾರದು.

ಭೂಸಂಪರ್ಕದ ವಿಷಯದಲ್ಲಿ ಮಾತ್ರ ರಾಜಿ ಬೇಡ. ಎರಡು ಕಟ್ಟಡಗಳಿಗೆ ಬೇರೆ ಬೇರೆ ಅರ್ತಿಂಗ್ ಇದ್ದರೆ ಅವುಗಳ ವಿಭವ ಒಂದೇ ಇರಬೇಕೆಂದಿಲ್ಲ. ಕೇಬಲ್‌ನ ಹೊರಹೆಣಿಗೆ ಅವೆರಡನ್ನೂ ಜೋಡಿಸಿ ತಾನೇ ಪ್ರವಾಹ ಹೊರುತ್ತದೆ. ಇದನ್ನು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್‌ನಿಂದಲೇ ಸರಿಪಡಿಸಬೇಕು. ಏಪ್ರಿಲ್-ಮೇ ತಿಂಗಳ ಗುಡುಗಿನ ಮಳೆಗೆ ಮೋಡ ಕಟ್ಟುವಾಗಲೇ ಪ್ಲಗ್ ಜೊತೆಗೆ ಕೇಬಲನ್ನೂ ಬಾಕ್ಸ್‌ನಿಂದ ಬಿಚ್ಚಿಡಬೇಕು. ಗುಡುಗು ಶುರುವಾದ ಮೇಲೆ ಅದನ್ನು ಯಾರೂ ಮುಟ್ಟಬಾರದು.

ಪಾಠ ಯೋಜನೆಯಲ್ಲಿ ಹತ್ತು ನಿಮಿಷ ಇದಕ್ಕಿಡಿ: ಡಿಶ್ ಕಡೆಯ ತುದಿ ಬಿಚ್ಚಿದ ಮೇಲೆ ಅಲ್ಲಿ ಮಲ್ಟಿಮೀಟರ್ ಹಿಡಿದು, ಬಾಕ್ಸ್‌ನ ಮೆನುವಿನಲ್ಲಿ ಧ್ರುವೀಕರಣ ಬದಲಿಸಿದಂತೆ 13 ಮತ್ತು 18 ಮೂಡುವುದನ್ನು ಮಕ್ಕಳೇ ಓದಲಿ. ಒಳತಂತಿ ಹೊರಹೆಣಿಗೆಗೆ ತಾಗದಂತೆ ನೋಡಿಕೊಳ್ಳುವುದು ನಿಮ್ಮ ಕೆಲಸ. ಮಾಳಿಗೆ ಹತ್ತಿಸುವುದು ಬೇಡ, ಡಿಶ್ ಅನ್ನು ಕೆಳಗೆ ಇಳಿಸಿಕೊಂಡೇ ಮಾಡಿ.